ಐದು, ಎರಡು

ಪ್ರೆಕ್ ಸ್ವಾಯ್, ಕಂಪೋಂಗ್ ಥೋಮ್
ನವೆಂಬರ್ 12, 1995

ಅಮ್ಮಾ,

ನಿನ್ನ ಸಿಟ್ಟು ಇನ್ನೂ ಇಳಿದಿಲ್ಲವೆಂದು ಗೊತ್ತು. ನಾನು ಹೊರಟ ದಿನ ಶಾವಿಗೆ ಒತ್ತುವುದನ್ನೂ ನಿಲ್ಲಿಸದೆ, ತಲೆಯನ್ನೂ ಎತ್ತದೆ, "ಹೋಗು, ಇಲ್ಲಿ ಯಾರು ನಿನ್ನ ಹಿಡ್ಕೊಂಡಿದ್ದಾರೆ" ಅಂದೆಯಲ್ಲ, ದಾರಿಯುದ್ದಕ್ಕೂ ಅದೇ ಕಿವಿಯಲ್ಲಿತ್ತು. ಆದರೂ ಬರೆಯುತ್ತಿದ್ದೇನೆ. ಓದದೆ ಒಲೆಗೆ ಹಾಕಿದರೆ ಅದು ನಿನ್ನ ಇಷ್ಟ.

ಶಾಲೆಗೆ ಮೂರು ಗೋಡೆ ಇದೆ, ನಾಲ್ಕನೆಯ ಕಡೆ ನೀರು. ಸರೋವರ ಇನ್ನೂ ಮೆಟ್ಟಿಲವರೆಗೆ ನಿಂತಿದೆ, ಮಕ್ಕಳು ದೋಣಿಯಲ್ಲಿ ಬರುತ್ತಾರೆ. ಒಂದನೇ ತರಗತಿಯಲ್ಲಿ ನಲವತ್ತೊಂದು ಮಕ್ಕಳು, ನಾನೊಬ್ಬಳೇ ಟೀಚರ್. ಎಲ್ಲರೂ "ಕ್ರೂ, ಕ್ರೂ" ಎನ್ನುತ್ತಾ ಲಂಗ ಜಗ್ಗುವಾಗ ಒಳಗೊಳಗೇ ಹೆಮ್ಮೆಯಾಗುತ್ತದೆ, ಸುಳ್ಳೇಕೆ ಹೇಳಲಿ.

ಹೆಮ್ಮೆ ಇಳಿಸುವುದಕ್ಕೆ ಒಬ್ಬಳಿದ್ದಾಳೆ. ಹೆಸರು ಪಿಸೈ, ಎಂಟು ವರ್ಷ. ಅಪ್ಪ ಅಮ್ಮ ಥಾಯ್ ಗಡಿಯ ಕಡೆ ಕೂಲಿಗೆ ಹೋಗಿದ್ದಾರೆ, ಇವಳು ಅಜ್ಜಿಯ ಜೊತೆಗಿದ್ದು ಎರಡು ಎಮ್ಮೆ ಮೇಯಿಸುತ್ತಾಳೆ. ಏಳು ಬರೆ ಎಂದರೆ ಐವತ್ತೆರಡು ಬರೆಯುತ್ತಾಳೆ! ತಪ್ಪು ಅವಳದ್ದೂ ಅಲ್ಲ ಬಿಡು. ನಮ್ಮ ಬಾಯಲ್ಲಿ ಏಳು ಎಲ್ಲಿದೆ? ಐದರ ತನಕ ಹೆಸರಿಟ್ಟು ಸುಸ್ತಾದ ಹಿರಿಯರು ಆರಕ್ಕೆ ಐದು-ಒಂದು, ಏಳಕ್ಕೆ ಐದು-ಎರಡು ಎಂದು ಹೇಳಿ ಕೈ ತೊಳೆದುಕೊಂಡರು. ಕಿವಿಗೆ ಬಿದ್ದ ಹಾಗೆ ಅವಳು ಐದು ಬರೆದು ಪಕ್ಕದಲ್ಲಿ ಎರಡು ಬರೆಯುತ್ತಾಳೆ. ಉಳಿದ ಮಕ್ಕಳು ವಾರದಲ್ಲಿ ತಿದ್ದಿಕೊಂಡರು, ಇವಳು ಮಾತ್ರ ಜಪ್ಪಯ್ಯ ಎಂದರೂ ಬಗ್ಗುತ್ತಿಲ್ಲ. ಏಳಕ್ಕೆ ಮೂರು ಕೂಡಿಸು ಎಂದರೆ ಮತ್ತೆ ಒಂದರಿಂದ ಎಣಿಸಿಕೊಂಡು ಬರುತ್ತಾಳೆ.

ನೀನೂ ಒಂದು ಕಾಲದಲ್ಲಿ ಕ್ರೂ ಆಗಿದ್ದೆಯಂತೆ. ಅತ್ತೆ ಒಮ್ಮೆ ಬಾಯಿ ತಪ್ಪಿ ಹೇಳಿದ್ದಳು. ನನಗೆ ಶಾವಿಗೆ ಒತ್ತುವುದು ಕಲಿಸಿದೆ, ಮೀನು ಸೀಳುವುದು ಕಲಿಸಿದೆ, ಲೆಕ್ಕ ಮಾತ್ರ ಪಕ್ಕದ ಮನೆಯವರಿಂದ ಕಲಿಯಬೇಕಾಯಿತು. ಈಗಲಾದರೂ ಏನಾದರೂ ಹೇಳು.

ನಿನ್ನ ಮಗಳು,
ಥಾವ್ರಿ

*

ಕಂಪೋಂಗ್ ಛ್ನಾಂಗ್
ಡಿಸೆಂಬರ್ 1, 1995

ಥಾವ್ರಿ,

ಒಲೆಗೆ ಹಾಕಿಲ್ಲ. ಕಾಗದ ಹಾಕಿದರೆ ಹೊಗೆ ಬರುತ್ತದೆ, ಅದಕ್ಕೆ.

ನಿನ್ನ ಅತ್ತೆಯ ಬಾಯಿಗೆ ಬೀಗವಿಲ್ಲ. ಹೌದು, ನಾನು ಪಾಠ ಹೇಳುತ್ತಿದ್ದೆ. ಆಮೇಲೆ ಕನ್ನಡಕ ಹಾಕಿದವರನ್ನೂ ಎರಡಕ್ಷರ ಬಲ್ಲವರನ್ನೂ ಹುಡುಕಿ ಒಯ್ದು ಕೊಲ್ಲುವ ಕಾಲ ಬಂತು. ಮೂರು ವರ್ಷ, ಎಂಟು ತಿಂಗಳು, ಇಪ್ಪತ್ತು ದಿನ ನಾನು ಹೆಬ್ಬೆಟ್ಟಿನ ಶಾವಿಗೆಯವಳಾಗಿದ್ದೆ. ಹತ್ತರಾಚೆ ಎಣಿಸಲು ಬಾರದವಳಂತೆ ನಟಿಸಿ ನಟಿಸಿ ಅದೇ ರೂಢಿಯಾಯಿತು. ನಿನಗೆ ಯಾಕೆ ಕಲಿಸಲಿಲ್ಲ ಎನ್ನುವುದಕ್ಕೆ ಉತ್ತರ ಇಷ್ಟೆ. ಇನ್ನು ಕೆದಕಬೇಡ.

ಆ ಹುಡುಗಿಗೆ ಬಾಯಿಮಾತಿನಲ್ಲಿ ಹೇಳಿದ್ದು ತಲೆಗೆ ಹೋಗುವುದಿಲ್ಲ. ಬಿದಿರಿನ ಕಡ್ಡಿ ಸೀಳಿ ಒಂದು ಡಬ್ಬಿ ತುಂಬ ಕೊಡು, ಹತ್ತು ಹತ್ತು ಎಣಿಸಿ ಬಾಳೆನಾರಿನಿಂದ ಕಟ್ಟಲಿ. ಎಡಗಡೆ ಕಟ್ಟು, ಬಲಗಡೆ ಬಿಡಿ ಕಡ್ಡಿ. ಏಳು ಎಂದರೆ ಕಟ್ಟೇ ಇಲ್ಲವಲ್ಲ, ಹಾಗಿದ್ದರೆ ಎಡಗಡೆ ಐದು ಬರೆಯುವುದು ಹೇಗೆ? ಅವಳಿಗೇ ಹೊಳೆಯುತ್ತದೆ. ಒಂದು ನೆನಪಿಟ್ಟುಕೋ. ಕಟ್ಟನ್ನು ನೀನು ಕಟ್ಟಿ ಕೊಡಬೇಡ. ಮಕ್ಕಳು ತಾವೇ ಕಟ್ಟಿದ ಕಟ್ಟನ್ನು ಮಾತ್ರ ನಂಬುತ್ತಾರೆ. ನೀನು ಕಟ್ಟಿದ್ದನ್ನು ಬಿಚ್ಚಿ ಬಿಚ್ಚಿ ಎಣಿಸುತ್ತಾರೆ.

ನೀರು ಕಾಯಿಸಿ ಕುಡಿ. ಯಾರ ಮಗಳು ಎಂದು ಊರಲ್ಲಿ ಡಂಗುರ ಹೊಡೆಯಬೇಡ.

ಅಮ್ಮ

*

ಪ್ರೆಕ್ ಸ್ವಾಯ್
ಜನವರಿ 14, 1996

ಅಮ್ಮಾ,

ನಿನ್ನ ಕಡ್ಡಿ ಡಬ್ಬಿ ಪವಾಡ ಮಾಡಿತು! ಒಂದು ವಾರ ಪಿಸೈ ಕಡ್ಡಿ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು ಇಷ್ಟೇ ಮಾಡಿದಳು. ಎಂಟನೆಯ ದಿನ ಬೋರ್ಡಿನ ಮುಂದೆ ನಿಂತು ಐದು-ಎರಡು ಎನ್ನುತ್ತಾ ಏಳನ್ನು ಏಳರ ಹಾಗೆಯೇ ಬರೆದಳು. "ಕಟ್ಟಿಲ್ಲ ಕ್ರೂ, ಎಲ್ಲಾ ಬಿಡಿ" ಎಂದಳು, ದೊಡ್ಡ ಗುಟ್ಟು ಹೇಳುವವಳಂತೆ. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಆ ತಪ್ಪನ್ನು ಅವಳು ಒಮ್ಮೆಯೂ ಮಾಡಿಲ್ಲ.

ಆದರೆ ಈಗ ಇನ್ನೊಂದು ಶುರುವಾಗಿದೆ. ಮೊನ್ನೆ ಏಳು ಮತ್ತು ಎಂಟು ಕೂಡಿಸಲು ಹೇಳಿದೆ. ಕಡ್ಡಿ ಮುಟ್ಟಲಿಲ್ಲ. ಎಡಗೈ ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡಳು, ಬಲಗೈಯ ಬೆರಳು ಎರಡು ಎತ್ತಿದಳು, ಮತ್ತೊಮ್ಮೆ ಮುಷ್ಟಿ ಒತ್ತಿ ಮೂರು ಎತ್ತಿದಳು, "ಹದಿನೈದು" ಅಂದಳು. ಎರಡು ಮುಷ್ಟಿ ಹತ್ತು, ಎರಡೂ ಮೂರೂ ಐದು! ಒಂದರಿಂದ ಎಣಿಸಲೇ ಇಲ್ಲ. ನಮ್ಮ ಮಾತಿನೊಳಗೆ ಬಚ್ಚಿಟ್ಟಿದ್ದ ಆ ಐದನ್ನು ಹೊರಗೆಳೆದು ದುಡಿಸಿಕೊಳ್ಳುತ್ತಿದ್ದಾಳೆ. ನನಗೇ ತಿಳಿಯದ ಉಪಾಯ ಇದು.

"ಯಾರೇ ಹೇಳಿಕೊಟ್ಟಿದ್ದು?" ಎಂದೆ.

"ಕಟ್ಟೆ ಮೇಲಿನ ಮೇಷ್ಟ್ರು ಕ್ರೂ. ಮಧ್ಯಾಹ್ನ ಎಮ್ಮೆ ಮೇಯಿಸ್ತೀನಲ್ಲ, ಅಲ್ಲಿ ಇರ್ತಾರೆ."

"ಏನಂತ ಹೇಳಿದ್ರು?"

"ಮುಷ್ಟಿಯಲ್ಲಿರೋದನ್ನ ಎಣಿಸಬೇಡ ಮಗಾ, ನಂಬು ಅಂದ್ರು."

ಊರ ಹಿಂದೆ ಹಳೆಯ ಏರಿ ಇದೆ. ನೀನು ಬರೆದ ಆ ಕಾಲದಲ್ಲಿ ಎಲ್ಲೆಲ್ಲಿಂದಲೋ ಜನರನ್ನು ತಂದು ಕೆರೆಗೆಂದು ಕಟ್ಟಿಸಿದ್ದು. ಅದನ್ನೇ ಇವರು ಕಟ್ಟೆ ಎನ್ನುವುದು. ಸಂಜೆ ಪಿಸೈಯ ಅಜ್ಜಿಯನ್ನು ಕೇಳಿದೆ. ಮುದುಕಿ ಅಡಿಕೆ ಕುಟ್ಟುವುದನ್ನು ನಿಲ್ಲಿಸಿ, "ಅಲ್ಲಿ ಯಾವ ಮೇಷ್ಟ್ರೂ ಇಲ್ಲಮ್ಮ. ಅಲ್ಲಿಗೆ ಎಮ್ಮೆ ಹೋದ್ರೆ ಹೋಗ್ಲಿ, ನೀವು ಹೋಗ್ಬೇಡಿ" ಎಂದಳು. ಬೇರೆ ಯಾವುದೋ ಊರಿನ ನಿವೃತ್ತ ಮೇಷ್ಟರು ಮೀನು ಹಿಡಿಯಲು ಬರುತ್ತಿರಬೇಕು. ಸಿಕ್ಕರೆ ಕೈಕಾಲು ಹಿಡಿದಾದರೂ ಶಾಲೆಗೆ ಕರೆತರುತ್ತೇನೆ.

ಥಾವ್ರಿ

*

ಕಂಪೋಂಗ್ ಛ್ನಾಂಗ್
ಜನವರಿ 27, 1996

ಥಾವ್ರಿ,

ನಿನ್ನ ಪತ್ರ ಬಂದಾಗ ಮಾರುಕಟ್ಟೆಯಲ್ಲಿದ್ದೆ. ಗಿರಾಕಿಯ ಬಟ್ಟಲಿಗೆ ಸಾರು ಹಾಕುವ ಬದಲು ಅವನ ಕಾಲಿನ ಮೇಲೆ ಹಾಕಿದೆನಂತೆ. ನನಗೆ ನೆನಪಿಲ್ಲ.

ಕೇಳಿದ್ದಕ್ಕೆಲ್ಲ ಉತ್ತರ ಬರೆ, ಒಂದನ್ನೂ ಬಿಡಬೇಡ. ಆ ಮನುಷ್ಯನಿಗೆ ವಯಸ್ಸೆಷ್ಟು? ಎತ್ತರವೇ? ಮಾತಾಡುವಾಗ ಒಂದು ಭುಜ ಮೇಲೆ ಹೋಗುತ್ತದೆಯೇ? ಮುಷ್ಟಿ ಯಾವಾಗಲೂ ಎಡಗೈಯದ್ದೇ?

ನಿನ್ನ ಅಪ್ಪನ ಬಗ್ಗೆ ನಾನು ಹೇಳಿದ್ದು ಕಡಿಮೆ. ಹೆಸರು ಸಾರೆತ್ ಎನ್ನುವುದು ನಿನಗೆ ಗೊತ್ತು, ಫೋಟೋ ಇಲ್ಲ ಎನ್ನುವುದೂ ಗೊತ್ತು. ಅವರು ಲೆಕ್ಕದ ಮೇಷ್ಟರು. ಅವರ ತರಗತಿಗೂ ನನ್ನ ತರಗತಿಗೂ ನಡುವೆ ಒಂದು ತಾಳೆಗರಿಯ ತಡಿಕೆ. ನಾನು ಈ ಕಡೆ ಕಿರುಚಿ ಕಿರುಚಿ ಗಂಟಲು ಹರಿದುಕೊಳ್ಳುತ್ತಿದ್ದರೆ ಆ ಕಡೆಯಿಂದ ಮೆಲ್ಲಗೆ ಕೇಳುತ್ತಿತ್ತು, "ಮುಷ್ಟಿಯಲ್ಲಿರೋದನ್ನ ಎಣಿಸಬೇಡಿ ಮಕ್ಕಳೇ, ನಂಬಿ." ಎಡ ಮುಷ್ಟಿ ಎದೆಗೆ ಒತ್ತಿಕೊಂಡಿರುತ್ತಿದ್ದರು. ಹಾಗೆ ಕಲಿಸುವವರು ಬೇರೆ ಯಾರೂ ಇರಲಿಲ್ಲ. ನಾನು ಆ ಶಾಲೆಯಲ್ಲೂ ಕಾಣಲಿಲ್ಲ, ಇನ್ನೊಂದು ಶಾಲೆಯಲ್ಲೂ ಕಾಣಲಿಲ್ಲ.

ನಿನಗೆ ಎರಡು ವರ್ಷ ತುಂಬುವ ಮೊದಲೇ ಅವರನ್ನು ಕೆರೆ ತೋಡಲು ಎಂದು ಕರೆದೊಯ್ದರು. ಯಾವ ಕಡೆಗೆ ಎಂದು ಯಾರೂ ಹೇಳಲಿಲ್ಲ. ಎಲ್ಲರೂ ಗಂಡಂದಿರ ಹೆಸರನ್ನು ವಿಹಾರಕ್ಕೆ ಕೊಟ್ಟರು. ಭಿಕ್ಷುಗಳು ಸತ್ತವರ ಹೆಸರು ಓದಿ ಚೀಟಿ ಸುಡುತ್ತಾರಲ್ಲ, ಆ ಪಟ್ಟಿಗೆ. ನಾನು ಕೊಡಲಿಲ್ಲ. ಹದಿನೇಳು ವರ್ಷದಿಂದ ಪ್ರತಿ ಹೊಸ ವರ್ಷಕ್ಕೂ ಅತ್ತೆ ಚೀಟಿ ಹಿಡಿದು ಬಂದು, "ಇನ್ನೂ ಯಾಕೆ ಹಟ? ಅವನು ಅಲ್ಲಿ ಹಸ್ಕೊಂಡು ಅಲೀತಿರ್ತಾನೆ, ಹೆಸರು ಕೊಡು" ಎಂದು ಅಳುತ್ತಾಳೆ. ಹೆಸರು ಕೊಟ್ಟರೆ ನಾನೇ ಕೊಂದ ಹಾಗೆ. ಬದುಕಿದ್ದರೆ? ತಲೆಗೆ ಪೆಟ್ಟು ಬಿದ್ದು ಊರು ಮರೆತಿದ್ದರೆ? ಅಂಥವರು ಇದ್ದಾರೆ, ಎಷ್ಟೋ ವರ್ಷಗಳ ಮೇಲೆ ಬಂದವರೂ ಇದ್ದಾರೆ.

ಟ್ಯಾಕ್ಸಿಯ ಹೋಕ್ ಮಾಮನ ಕೈಯಲ್ಲಿ ಒಂದು ನೀಲಿ ಅಂಗಿ ಕಳಿಸಿದ್ದೇನೆ. ಅವರ ಅಳತೆಯದ್ದೇ. ಕೊಡು. ನಾಳೆಯೇ ಕಟ್ಟೆಗೆ ಹೋಗು.

ಅಮ್ಮ

*

ಪ್ರೆಕ್ ಸ್ವಾಯ್
ಫೆಬ್ರವರಿ 18, 1996

ಅಮ್ಮಾ,

ನಿನ್ನ ಪತ್ರ ಓದಿ ಎರಡು ದಿನ ಅನ್ನ ಸೇರಲಿಲ್ಲ. ಇಪ್ಪತ್ತೊಂದು ವರ್ಷಕ್ಕೆ ಮೊದಲ ಸಲ ಅಪ್ಪನ ದನಿ ಹೇಗಿತ್ತು ಎಂದು ಗೊತ್ತಾಯಿತು, ಅದೂ ಕಾಗದದಲ್ಲಿ.

ಐದು ಸಲ ಕಟ್ಟೆಗೆ ಹೋದೆ. ಯಾರೂ ಇಲ್ಲ. ಹೊತ್ತು ನೆತ್ತಿಗೆ ಬಂದಾಗಲೇ ಹೋಗಿದ್ದೆ, ಪಿಸೈಯನ್ನು ಕರೆದುಕೊಂಡೇ ಹೋಗಿದ್ದೆ. ಉದ್ದಕ್ಕೆ ಒಂದು ಏರಿ, ಈ ಕಡೆ ಇಳಿಯುತ್ತಿರುವ ನೀರು, ಆ ಕಡೆ ಹುಣಸೆಮರ. ಹಕ್ಕಿ ಕೂಗುವುದಿಲ್ಲ. ಎಮ್ಮೆಗಳು ಏರಿಯ ಬುಡದ ಹಸಿರನ್ನು ಮೂಸಿ ನೋಡಿ ಬಾಯಿ ಹಾಕದೆ ಮುಂದೆ ಹೋಗುತ್ತವೆ. ಪಿಸೈ ಮಾತ್ರ ನಮ್ಮ ಮನೆಯ ಜಗಲಿಯೇನೋ ಎನ್ನುವ ಹಾಗೆ ಹೋಗಿ ಕುಳಿತಳು, ಪಕ್ಕಕ್ಕೆ ತಿರುಗಿ ತಲೆಯಾಡಿಸಿದಳು, ಮುಷ್ಟಿ ಕಟ್ಟಿದಳು.

"ಈಗ ಇದ್ದಾರೇನೆ?"

"ಹೂಂ ಕ್ರೂ. ನೀವು ನಿಂತಿದ್ದೀರಲ್ಲ, ಅಲ್ಲೇ ಪಕ್ಕ."

ಅಂಗಿಯನ್ನು ಹುಣಸೆಯ ಕೊಂಬೆಗೆ ಹಾಕಿ ಬಂದೆ. ಮರುದಿನವೂ ಅಲ್ಲೇ ಇತ್ತು. ಯಾಕೆ ತೆಗೆದುಕೊಳ್ಳಲಿಲ್ಲವಂತೆ ಎಂದು ಪಿಸೈಯನ್ನು ಕೇಳಿದರೆ, "ದೊಡ್ಡದಾಯ್ತಂತೆ ಕ್ರೂ. ತೋಳು ನಿಲ್ಲೋದಿಲ್ಲ ಅಂದ್ರು" ಎಂದಳು. ನಿನ್ನ ಪ್ರಶ್ನೆಗಳನ್ನೂ ಕೇಳಿದೆ. ಎತ್ತರವೆಂದಳು. ಭುಜದ ಮಾತಿಗೆ, ತಾನೇ ಎಡ ಭುಜ ಎತ್ತಿ ತೋರಿಸಿದಳು. ವಯಸ್ಸು ಹೇಳಲು ಬರಲಿಲ್ಲ.

ಅವರೊಬ್ಬರೇ ಇರುವುದೇ ಎಂದು ಕೇಳಿದೆ. ಇಲ್ಲವಂತೆ, ತುಂಬ ಜನ ಸಾಲಾಗಿ ಕುಳಿತಿರುತ್ತಾರಂತೆ. ದೊಡ್ಡವರೂ ಇದ್ದಾರಂತೆ, ಎಲ್ಲರಿಗೂ ಅವರೇ ಲೆಕ್ಕ ಹೇಳಿಕೊಡುವುದಂತೆ. ಎಷ್ಟು ಜನ ಬರೆ ಎಂದು ಸ್ಲೇಟು ಕೊಟ್ಟೆ. ಐದು ಬರೆದು ಪಕ್ಕದಲ್ಲಿ ಎರಡು ಬರೆದಳು.

ನನಗೆ ರೇಗಿತು. "ಮತ್ತೆ ಶುರು ಮಾಡಿದ್ಯಾ? ಐದು-ಎರಡನ್ನ ಹೀಗೆ ಬರೀತಾರೇನೆ?"

"ಆ ಐದು-ಎರಡಲ್ಲ ಕ್ರೂ. ಐದು... ಎರಡು."

"ಅದನ್ನೇ ನಾನೂ ಹೇಳ್ತಿರೋದು!"

ಅವಳು ಕಡ್ಡಿ ಡಬ್ಬಿಯ ಕಡೆ ಕೈ ತೋರಿಸಿದಳು. ಆಟಕ್ಕೆ ಕೇಳುತ್ತಿದ್ದಾಳೆ ಎಂದು ಗದರಿ, ಸ್ಲೇಟು ಒರೆಸಿ, ನಾನೇ ಏಳು ಬರೆದು ಕೊಟ್ಟೆ. ಮುಖ ಊದಿಸಿಕೊಂಡು ಹೋದಳು. ತಿಂಗಳು ಪೂರ್ತಿ ಕಷ್ಟಪಟ್ಟಿದ್ದು ನೀರಿನಲ್ಲಿ ಹೋಮವಾಯಿತಲ್ಲ ಎಂದು ನನಗೂ ಬೇಜಾರು.

ಇರಲಿ. ಏಳು ಜನರಂತೆ. ಯಾರೋ ಮೀನುಗಾರರ ಗುಂಪು ಇರಬಹುದು. ಆದರೆ ನನಗೆ ಯಾಕೆ ಕಾಣುವುದಿಲ್ಲ ಅಮ್ಮಾ?

ಥಾವ್ರಿ

*

ಪ್ರೆಕ್ ಸ್ವಾಯ್
ಮಾರ್ಚ್ 10, 1996

ಅಮ್ಮಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಪಿಸೈಯ ಲೆಕ್ಕಗಳೆಲ್ಲ ಒಮ್ಮೆಲೇ ತಪ್ಪಾಗುತ್ತಿವೆ. ತರಗತಿಗೆ ಮೊದಲಿಗಳಾಗಿದ್ದವಳು! ಆರಕ್ಕೆ ಎರಡು ಕೂಡಿದರೆ ಏಳು ಎನ್ನುತ್ತಾಳೆ. ಏಳೂ ಎಂಟೂ ಹದಿಮೂರು. ಒಂಬತ್ತೂ ಆರೂ ಹದಿಮೂರು. ಆದರೆ ಎರಡೂ ಎರಡೂ ನಾಲ್ಕೇ, ಮೂರೂ ಒಂದೂ ನಾಲ್ಕೇ. ಸಣ್ಣ ಲೆಕ್ಕ ಸರಿ, ದೊಡ್ಡದು ತಪ್ಪು. ಮೊದಲು ಗಮನವಿಲ್ಲ ಎಂದು ಬೈದೆ, ಮೂಲೆಯಲ್ಲಿ ನಿಲ್ಲಿಸಿಯೂ ನೋಡಿದೆ.

ನಿನ್ನೆ ಮಧ್ಯಾಹ್ನ ಅವಳ ಸ್ಲೇಟುಗಳನ್ನೆಲ್ಲ ನೆನಪು ಮಾಡಿಕೊಂಡು ಪಟ್ಟಿ ಬರೆದು ನೋಡುತ್ತಾ ಕುಳಿತೆ. ತಪ್ಪಿಗೆ ಒಂದು ಕ್ರಮವಿದೆ. ಆರರಲ್ಲಿ ಒಂದು ಮುಷ್ಟಿ, ಉತ್ತರ ಒಂದು ಕಡಿಮೆ. ಏಳರಲ್ಲೊಂದು, ಎಂಟರಲ್ಲೊಂದು ಮುಷ್ಟಿ, ಉತ್ತರ ಎರಡು ಕಡಿಮೆ. ಮುಷ್ಟಿ ಬಂದಲ್ಲೆಲ್ಲ ಒಂದು ಹೋಗಿದೆ. ಅವಳು ಐದನ್ನು ನಾಲ್ಕು ಎಂದು ಎಣಿಸುತ್ತಿದ್ದಾಳೆ.

ಹತ್ತಿರ ಕೂರಿಸಿಕೊಂಡು ಮೆಲ್ಲಗೆ ಕೇಳಿದೆ, "ಮುಷ್ಟಿಯಲ್ಲಿ ಎಷ್ಟಿದೆಯೇ ಪಿಸೈ?"

"ನಾಲ್ಕು."

"ಐದಲ್ವಾ? ನೋಡು, ನಿನ್ನ ಕೈಯೇ ನೋಡು."

ತನ್ನ ಬೆರಳು ನೋಡಿಕೊಂಡು ಗೊಂದಲಕ್ಕೆ ಬಿದ್ದಳು. "ನಂದರಲ್ಲಿ ಐದು. ಅವರದ್ರಲ್ಲಿ ನಾಲ್ಕೇ ಕ್ರೂ. ಮೊನ್ನೆ ಬಿಚ್ಚಿ ತೋರಿಸಿದ್ರು. 'ಇದನ್ನ ನಿನ್ನ ಕ್ರೂಗೆ ಹೇಳು, ಅವಳು ಅಮ್ಮನಿಗೆ ಬರೀತಾಳೆ' ಅಂದ್ರು. ನನಗೆ ಹೆದರಿಕೆಯಾಯ್ತು, ಹೇಳ್ಲಿಲ್ಲ."

ನಾನು ನಿನಗೆ ಪತ್ರ ಬರೆಯುವುದು ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಪತ್ರ ಒಯ್ಯುವ ಹೋಕ್ ಮಾಮನೂ ಆಚೆ ಊರಿನವನು.

ಅಮ್ಮಾ, ಇದರ ಅರ್ಥ ಏನು?

ಥಾವ್ರಿ

*

ಕಂಪೋಂಗ್ ಛ್ನಾಂಗ್
ಮಾರ್ಚ್ 21, 1996

ಮಗಳೇ,

ಅವರು ಒಂಬತ್ತು ವರ್ಷದವರಿದ್ದಾಗ ಕಬ್ಬಿನ ಗಾಣಕ್ಕೆ ಕೈ ಸಿಕ್ಕಿ ಎಡಗೈಯ ಉಂಗುರದ ಬೆರಳು ಹೋಯಿತು. ಬುಡದಿಂದಲೇ. ನಾಲ್ಕು ಬೆರಳು ಕಂಡರೆ ಮಕ್ಕಳು ನಾಲ್ಕು ಎಣಿಸುತ್ತಾರೆಂದು ಮುಷ್ಟಿ ಕಟ್ಟಿದ್ದು. ಆಮೇಲೆ ಅದೇ ಪಾಠವಾಯಿತು. ನನ್ನನ್ನು ಮಾತಾಡಿಸತೊಡಗಿ ಒಂದು ವರ್ಷವಾದರೂ ನನ್ನೆದುರು ಆ ಕೈ ಬಿಚ್ಚಿರಲಿಲ್ಲ. ಮದುವೆಯ ದಿನ ದಾರ ಕಟ್ಟಲು ಕೈ ಚಾಚಬೇಕಾಯಿತಲ್ಲ, ಆಗ ನನ್ನ ಮುಖ ನೋಡಿ ನಕ್ಕು, "ಒಂದು ಕಡಿಮೆ ಇದೆ, ಪರವಾಗಿಲ್ವಾ?" ಎಂದಿದ್ದರು.

ಇದನ್ನು ನಾನು ನಿನಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಬೆರಳಿಲ್ಲದ ಲೆಕ್ಕದ ಮೇಷ್ಟರನ್ನು ಹುಡುಕುತ್ತಿದ್ದೇನೆ ಎಂದು ಆ ಕಾಲದಲ್ಲಿ ಹೇಳಿದ್ದರೆ ಬೇಗ ಸಿಗುತ್ತಿದ್ದರು, ಕೊಲ್ಲುವವರ ಕೈಗೆ. ಅದಕ್ಕೇ ಬಾಯಿ ಹೊಲಿದುಕೊಂಡೆ.

ಅವರೇ ಥಾವ್ರಿ. ನಿನ್ನ ಅಪ್ಪನೇ. ಆದರೆ ಬದುಕಿರುವವರೂ ಕೈ ಬಿಚ್ಚಿ ತೋರಿಸಬಹುದಲ್ಲ? ಅಡಗಿಕೊಂಡಿರಬಹುದು. ಯಾರಿಗೋ ಹೆದರುತ್ತಿರಬಹುದು. ಅಂಗಿ ದೊಡ್ಡದಾಯಿತೆಂದರೆ ಬಡವಾಗಿದ್ದಾರೆ, ಅಷ್ಟೆ. ನಾನು ಸಣ್ಣದೊಂದು ಹೊಲಿಯುತ್ತಿದ್ದೇನೆ.

ಅತ್ತೆ ಈ ವರ್ಷದ ಚೀಟಿ ತಂದಿದ್ದಳು. ಬಾಗಿಲು ತೆಗೆಯಲಿಲ್ಲ.

ಆ ಹುಡುಗಿಯನ್ನು ಬೈಯಬೇಡ. ಅವಳು ಹೇಳಿದ್ದನ್ನು ಒಂದೊಂದಾಗಿ ಮತ್ತೆ ಯೋಚಿಸು. ನೀನು ತಿದ್ದಿದ್ದೆಲ್ಲ ತಪ್ಪೇ ಆಗಿರಬೇಕೆಂದಿಲ್ಲ.

ಅಮ್ಮ

*

ಪ್ರೆಕ್ ಸ್ವಾಯ್
ಏಪ್ರಿಲ್ 4, 1996

ಅಮ್ಮಾ,

ಕುಳಿತುಕೊಂಡು ಓದು. ಅತ್ತೆಯನ್ನು ಕರೆದುಕೊಂಡು ಓದು.

ನೀರು ಪೂರ್ತಿ ಇಳಿದಿದೆ. ಗದ್ದೆಗೆ ಕಾಲುವೆ ಬೇಕೆಂದು ಊರವರು ಸೋಮವಾರ ಬೆಳಿಗ್ಗೆ ಏರಿಯ ಬುಡ ಅಗೆದರು, ಆ ಹುಣಸೆಮರದ ಹತ್ತಿರವೇ. ಎರಡಾಳು ಆಳದಲ್ಲಿ ಮೂಳೆ ಸಿಕ್ಕವು. ನಿಲ್ಲಿಸಿ ವಿಹಾರಕ್ಕೆ ಹೇಳಿ ಕಳಿಸಿದರು. ಹಿರಿಯ ಭಿಕ್ಷು ಬಂದು ನಿಂತು ಮೂರು ದಿನ ಎಲ್ಲವನ್ನೂ ಎತ್ತಿಸಿ, ತೊಳೆಸಿ, ಚಾಪೆಯ ಮೇಲೆ ಸಾಲಾಗಿ ಇಡಿಸಿದರು. ತಲೆಬುರುಡೆಗಳನ್ನು ಎಣಿಸಿ ಬರೆದುಕೊಡಲು ಓದು ಬರಹ ಬಲ್ಲವರು ಬೇಕೆಂದು ನನ್ನನ್ನು ಕರೆದರು.

ಹತ್ತಕ್ಕೊಂದು ಸಾಲು ಮಾಡಿದ್ದರು. ತುದಿಯಿಂದ ತುದಿಗೆ ನಡೆದೆ. ಐದು ಸಾಲು ತುಂಬಿತ್ತು. ಆರನೆಯ ಚಾಪೆಯ ಮೇಲೆ ಎರಡೇ ಇದ್ದವು.

ಐದು ಕಟ್ಟು, ಎರಡು ಬಿಡಿ.

ಅಮ್ಮಾ, ಅವಳಿಗೆ ಇಪ್ಪತ್ತರಾಚೆಯ ಹೆಸರುಗಳನ್ನು ನಾನಿನ್ನೂ ಕಲಿಸಿಯೇ ಇರಲಿಲ್ಲ. ಐವತ್ತೆರಡು ಎನ್ನುವ ಮಾತು ಅವಳ ಬಾಯಲ್ಲಿಲ್ಲ. ಆದರೆ ಬರೆಯುವುದು ಗೊತ್ತಿತ್ತು, ಎಡಗಡೆ ಕಟ್ಟು, ಬಲಗಡೆ ಬಿಡಿ ಎಂದು ನಾವೇ ಕಲಿಸಿದ್ದೆವಲ್ಲ. ಅಲ್ಲಿ ಕುಳಿತವರನ್ನು ಹತ್ತು ಹತ್ತಾಗಿ ಎಣಿಸಿ, ಸರಿಯಾಗಿ, ಒಂದು ಚೂರೂ ತಪ್ಪಿಲ್ಲದೆ ಬರೆದಿದ್ದಳು. ಡಬ್ಬಿ ತೋರಿಸಿ ಅದನ್ನೇ ಹೇಳಲು ನೋಡಿದಳು. ನಾನು ಸ್ಲೇಟು ಒರೆಸಿ ಏಳು ಎಂದು ತಿದ್ದಿದೆ. ಎಂಥ ಟೀಚರ್ ನಾನು!

ಪಿಸೈ ಚಾಪೆಗಳ ಹತ್ತಿರ ಬಂದು ನಿಂತಿದ್ದಳು. ಅಜ್ಜಿ ಅವಳ ಕಣ್ಣು ಮುಚ್ಚಲು ಓಡಿ ಬಂದಳು. ಅವಳಿಗೆ ಹೆದರಿಕೆಯೇ ಇಲ್ಲ. ನನ್ನ ಲಂಗ ಜಗ್ಗಿ, "ಸರಿ ಇತ್ತಲ್ವಾ ಕ್ರೂ?" ಎಂದಳು.

ಸರಿ ಇತ್ತು ಎಂದೆ. ಅವಳ ಕಾಲು ಹಿಡಿಯಬೇಕೆನಿಸಿತು.

ಕೈಯ ಮೂಳೆಗಳು ಒಂದರೊಳಗೊಂದು ಬೆರೆತುಹೋಗಿವೆ, ಯಾವ ಕೈ ಯಾರದ್ದೆಂದು ಹೇಳಲು ಆಗುವುದಿಲ್ಲ. ಅಪ್ಪ ಅವರಲ್ಲಿ ಒಬ್ಬರೆಂದು ನನ್ನ ಹತ್ತಿರ ಪುರಾವೆ ಇಲ್ಲ. ಹೆಸರು ಕೊಡು ಎಂದು ನಾನು ಹೇಳುವುದಿಲ್ಲ, ಕೊಡಬೇಡ ಎಂದೂ ಹೇಳುವುದಿಲ್ಲ. ಅದು ನಿನ್ನದು.

ನೀಲಿ ಅಂಗಿ ಕೊಂಬೆಯ ಮೇಲೆ ಇನ್ನೂ ಇದೆ.

ಥಾವ್ರಿ

*

ಕಂಪೋಂಗ್ ಛ್ನಾಂಗ್
ಹೊಸ ವರ್ಷದ ಮೂರನೆಯ ದಿನ, ಏಪ್ರಿಲ್ 15, 1996

ಥಾವ್ರಿ,

ಹತ್ತು ದಿನ ನಿನಗೆ ಬರೆಯಲಿಲ್ಲ. ಶಾವಿಗೆಯನ್ನೂ ಒತ್ತಲಿಲ್ಲ. ಸಣ್ಣ ಅಂಗಿಯ ಒಂದು ತೋಳು ಹೊಲಿದಿದ್ದೆ, ಇನ್ನೊಂದು ಹಾಗೇ ಇಟ್ಟೆ.

ನೀನು ಪುರಾವೆ ಇಲ್ಲವೆಂದೆ. ನಾನೂ ಅದನ್ನೇ ಹಿಡಿದುಕೊಂಡು ಕುಳಿತೆ. ಕೈ ಸಿಕ್ಕಿಲ್ಲವಲ್ಲ, ಬೆರಳು ಎಣಿಸಿಲ್ಲವಲ್ಲ. ಆಮೇಲೆ ಒಂದು ದಿನ ಒಲೆಯ ಮುಂದೆ ಕೂತವಳಿಗೆ ನಗು ಬಂತು, ಹುಚ್ಚಿಯ ಹಾಗೆ. ಹದಿನೇಳು ವರ್ಷದಿಂದ ಆ ಮುಷ್ಟಿಯನ್ನು ಬಿಚ್ಚಿ ಎಣಿಸಬೇಕೆಂದು ಕೂತಿದ್ದವಳು ನಾನು. ಎಣಿಸಬೇಡಿ, ನಂಬಿ ಎಂದು ತಡಿಕೆಯ ಆಚೆಯಿಂದ ಅಷ್ಟು ಸಲ ಕೇಳಿಸಿಕೊಂಡೂ ಕಲಿಯದ ದಡ್ಡಿ.

ಇವತ್ತು ಬೆಳಿಗ್ಗೆ ಅತ್ತೆ ಬಂದಳು. ಈ ಸಲ ಅಳಲಿಲ್ಲ, ಬಾಗಿಲಲ್ಲೇ ನಿಂತಳು. ನಾನೇ ಚೀಟಿ ಬರೆದೆ. ಇಪ್ಪತ್ತು ವರ್ಷದ ಮೇಲೆ ಅವರ ಹೆಸರು ಬರೆದೆ ಥಾವ್ರಿ, ಕೈ ಅಕ್ಷರ ಮರೆತಿರಲಿಲ್ಲ. ಒಂಬತ್ತು ಗಂಟೆಗೆ ಭಿಕ್ಷುಗಳು ಓದಿದರು. ಪಟ್ಟಿ ಉದ್ದವಿತ್ತು. ಸಾರೆತ್ ಎಂದು ಗಟ್ಟಿಯಾಗಿ ಕರೆದಾಗ ನಾನು "ಇದ್ದಾರೆ" ಎನ್ನುವುದರಲ್ಲಿದ್ದೆ. ಅತ್ತೆ ಕೈ ಹಿಡಿದುಕೊಂಡಳು. ಆಮೇಲೆ ಚೀಟಿ ಸುಟ್ಟರು.

ಈಗ ಅಳುತ್ತಿದ್ದೇನೆ. ಅದಕ್ಕೆ ಅಕ್ಷರ ಹರಡಿದೆ.

ಹೋಕ್ ಮಾಮನ ಟ್ಯಾಕ್ಸಿ ಹಬ್ಬಕ್ಕೆ ನಿಂತಿದೆಯಂತೆ, ಈ ಪತ್ರ ನಿನಗೆ ವಾರದ ಮೇಲೆ ಸಿಗಬಹುದು. ಮುಂದಿನ ತಿಂಗಳು ನಾನೇ ಬರುತ್ತೇನೆ. ಆ ಹುಡುಗಿಗೆ ತಿನ್ನಲು ಏನಿಷ್ಟ ಕೇಳಿಡು.

ಅಮ್ಮ

*

ಪ್ರೆಕ್ ಸ್ವಾಯ್
ಏಪ್ರಿಲ್ 15, 1996

ಅಮ್ಮಾ,

ನಿನ್ನಿಂದ ಪತ್ರವಿಲ್ಲ. ಆದರೂ ಇದನ್ನು ಈಗಲೇ ಬರೆದಿಡಬೇಕು, ಇನ್ನೂ ಒಂದು ಗಂಟೆಯೂ ಆಗಿಲ್ಲ.

ಶಾಲೆಗೆ ಹಬ್ಬದ ರಜೆ. ಹೊರಗೆ ಮಕ್ಕಳು ಒಬ್ಬರ ಮುಖಕ್ಕೊಬ್ಬರು ಪೌಡರ್ ಬಳಿದು ನೀರೆರಚಿಕೊಂಡು ಕಿರುಚುತ್ತಿದ್ದಾರೆ. ಮೂಳೆ ಸಿಕ್ಕ ಮೇಲೆ ಪಿಸೈ ದಿನಾ ನನ್ನ ಹೊಸ್ತಿಲಿಗೆ ಬಂದು, ಡಬ್ಬಿ ಇಸಿದುಕೊಂಡು, ಐದು ಕಟ್ಟು ಎರಡು ಬಿಡಿ ಕಡ್ಡಿ ಜೋಡಿಸಿ, ಸ್ವಲ್ಪ ಹೊತ್ತು ನೋಡಿ, ಎದ್ದು ಹೋಗುತ್ತಾಳೆ. ನಾನು ಏನೂ ಕೇಳುವುದಿಲ್ಲ. ಅವಳ ಲೆಕ್ಕಗಳೆಲ್ಲ ಈಗ ಸರಿಯಾಗಿವೆ, ಐದು ಐದೇ ಆಗಿದೆ.

ಇವತ್ತು ಒಂಬತ್ತು ದಾಟಿದ ಮೇಲೆ ಬಂದಳು. ತಲೆಯಿಂದ ನೀರು ಸುರಿಯುತ್ತಿತ್ತು, ಕೆನ್ನೆಯ ಮೇಲೆ ಪೌಡರ್. ಎಂದಿನಂತೆ ಜೋಡಿಸಿದಳು. ಆಮೇಲೆ ಬಿಡಿ ಕಡ್ಡಿಯಲ್ಲಿ ಒಂದನ್ನು ತೆಗೆದು ಡಬ್ಬಿಯೊಳಗೆ ಹಾಕಿ, ಸ್ಲೇಟಿನ ಮೇಲೆ ಐದು ಬರೆದು ಪಕ್ಕದಲ್ಲಿ ಒಂದು ಬರೆದಳು.

"ಇದ್ಯಾಕೆ ಪಿಸೈ?"

"ಈಗ ಹಾಜರಿ ಕರೆದ್ರಲ್ಲ ಕ್ರೂ. ಮೇಷ್ಟ್ರ ಹೆಸರು ಬಂತು. ಅವರು ಎದ್ದು ಹೋದ್ರು."

ಕೈಯಲ್ಲಿದ್ದ ನೀರಿನ ಚೆಂಬು ಕೆಳಗಿಟ್ಟೆ. "ಉಳಿದೋರು?"

"ಅಲ್ಲೇ ಕೂತಿದ್ದಾರೆ. ಅವರನ್ನ ಯಾರೂ ಕರೀಲಿಲ್ಲವಲ್ಲ."

"ಈಗ ಅವರಿಗೆ ಪಾಠ ಹೇಳೋರು ಯಾರೇ?"

ನಾನು ಏನೋ ತಮಾಷೆ ಮಾಡುತ್ತಿದ್ದೇನೆಂದು ಅವಳು ನಕ್ಕಳು. "ನೀವು ಬರ್ತೀರ ಅಂತ ಹೇಳಿ ಹೋಗಿದ್ದಾರೆ ಕ್ರೂ. ಎಲ್ಲಾರೂ ಈ ಕಡೆನೇ ತಿರುಗಿ ಕೂತಿದ್ದಾರೆ."

ಅಷ್ಟು ಹೇಳಿ ಆಟಕ್ಕೆ ಓಡಿದಳು. ನನ್ನ ಕಿಟಕಿಯಿಂದ ಕಟ್ಟೆ ಕಾಣುತ್ತದೆ. ಹುಣಸೆಮರ, ಬಿಸಿಲು, ಬೋಳು ಏರಿ. ಕೊಂಬೆಯ ಮೇಲಿನ ಅಂಗಿ ಇಲ್ಲ.

ಸ್ಲೇಟನ್ನು ನಾನು ಒರೆಸಲಿಲ್ಲ, ತಿದ್ದಲೂ ಇಲ್ಲ. ಪೆಟ್ಟಿಗೆಯಿಂದ ಹೊಸ ಹಾಜರಿ ಪುಸ್ತಕ ತೆಗೆದು ಐವತ್ತೊಂದು ಗೆರೆ ಎಳೆದಿದ್ದೇನೆ. ನಾಳೆಯಿಂದ ಸುತ್ತಲ ಊರುಗಳಲ್ಲಿ ಮನೆಮನೆಗೆ ಹೋಗಿ ಕೇಳಬೇಕು, ಕೆರೆ ತೋಡಲು ಹೋಗಿ ಬಾರದವರು ನಿಮ್ಮಲ್ಲಿ ಯಾರಾದರೂ ಇದ್ದರೇ ಎಂದು.

ಇವತ್ತು ಬೆಳಿಗ್ಗೆ ನೀನು ಏನು ಮಾಡಿದೆ ಅಮ್ಮಾ? ಬೇಗ ಬರೆ.

ಥಾವ್ರಿ